ಮಹಾಂತಮ್ಮನ ಎಡಗೈ

ಮಹಾಂತಮ್ಮನಿಗೆ ಸಾವಿನ ಹೆದರಿಕೆ ಇರಲಿಲ್ಲ. ಎಪ್ಪತ್ತಾರು ದಾಟಿದವಳಿಗೆ ಅದೇನು ಹೊಸ ನೆಂಟನೇ? ಅವಳು ಹೆದರುತ್ತಿದ್ದದ್ದು ತನ್ನ ಎಡಗೈಗೆ.

ಯುಗಾದಿ ಕಳೆದ ಎಂಟನೇ ದಿನ ಆ ಕೈ ಅವಳಿಗೆ ಮೋಸ ಮಾಡಿತ್ತು. ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ಪೂಜೆ ಮಾಡುತ್ತಿದ್ದಳು. ಬೆರಳುಗಳು ತಮ್ಮಷ್ಟಕ್ಕೆ ತಾವೇ ಸಡಿಲಾಗಿ ಲಿಂಗ ಜಾರಿ ಮಡಿಲಿಗೆ ಬಿತ್ತು. ನೆಲಕ್ಕಲ್ಲ, ಸೆರಗಿನ ಮೇಲೆ. ಆದರೂ ಎದೆ ಧಸಕ್ಕೆಂದಿತು. ಎಂಟು ವರ್ಷದ ಹುಡುಗಿಯಾಗಿದ್ದಾಗ ಹೊಳಗುಂದದ ಅಯ್ಯನವರು ಕೊರಳಿಗೆ ಕಟ್ಟಿದ ಲಿಂಗ ಅದು. ಅದನ್ನು ನೆಲಕ್ಕೆ ಬಿಟ್ಟವರು ಬದುಕಬಾರದೆಂದು ಅವಳ ಅಜ್ಜಿ ಹೇಳುತ್ತಿದ್ದಳು. ಲಿಂಗ ಬಾವಿಗೆ ಬಿತ್ತೆಂದು ಅನ್ನ ನೀರು ಬಿಟ್ಟು ಹನ್ನೊಂದನೇ ದಿನಕ್ಕೆ ಸತ್ತ ಒಬ್ಬ ಹೆಂಗಸಿನ ಕಥೆಯನ್ನೂ ಹೇಳಿದ್ದಳು. ಅಜ್ಜಿ ಆಡಿದ ಒಳ್ಳೆಯ ಮಾತೆಲ್ಲ ಮಹಾಂತಮ್ಮನಿಗೆ ಮರೆತುಹೋಗಿತ್ತು. ಇದೊಂದು ಮಾತ್ರ ನೆನಪಿತ್ತು.

ಅವತ್ತಿನಿಂದ ಅವಳು ಮನೆಯವರ ಮುಂದೆ ಪೂಜೆಗೆ ಕೂರುವುದನ್ನು ಬಿಟ್ಟಳು. ಮಗ ಸೋಮೇಶ್ ಆದೋನಿಯ ಹತ್ತಿ ಮಾರ್ಕೆಟ್ಟಿಗೆ ಹೋಗಲಿ, ಸೊಸೆ ಭುವನಾ ಪಾಠ ಹೇಳಲು ಶಾಲೆಗೆ ಹೋಗಲಿ, ಕೈಯ ನಡುಕ ನಿಲ್ಲಲಿ, ಆಮೇಲೆ ಎಂದು ಕಾಯುವಳು. ಕೈ ಹತ್ತಕ್ಕೂ ನಿಲ್ಲದು, ಹನ್ನೆರಡಕ್ಕೂ ನಿಲ್ಲದು. ಲಿಂಗಪೂಜೆಯಾಗದೆ ಗುಟುಕು ನೀರು ಕುಡಿದವಳಲ್ಲ ಅವಳು. ಕೆಲವು ದಿನ ಪೂಜೆ ಮಧ್ಯಾಹ್ನ ಎರಡಕ್ಕಾದರೆ ಕೆಲವು ದಿನ ಆಗುತ್ತಲೇ ಇರಲಿಲ್ಲ. ಅಂಥ ದಿನ ಭುವನಾ ಮುಚ್ಚಿಟ್ಟು ಹೋದ ರೊಟ್ಟಿ ಪಲ್ಯ ಬೀದಿಯ ಎಮ್ಮೆಯ ಪಾಲಾಗುತ್ತಿತ್ತು, ಬಿಪಿ ಮಾತ್ರೆ ತಲೆದಿಂಬಿನ ಕೆಳಗೆ ಸೇರುತ್ತಿತ್ತು. ರಾತ್ರಿ ತಟ್ಟೆಯ ಮುಂದೆ, ಹೊಟ್ಟೆ ತುಂಬಿದೆ ಎಂಬ ಸುಳ್ಳು. ಉಣ್ಣದ ಕೈ ನಡುಗದೆ ಇನ್ನೇನು ಮಾಡೀತು? ಊರಿನವರಿಗೆಲ್ಲ ಬುದ್ಧಿ ಹೇಳುವ ಈ ಜಾಣೆಗೆ ಅಷ್ಟು ಸಣ್ಣ ಮಾತು ಹೊಳೆಯಲಿಲ್ಲ.

ಬಳೆಗಳು ಮೊಣಕೈವರೆಗೆ ಜಾರತೊಡಗಿದವು. ಬಚ್ಚಲಿಗೆ ಹೋಗಲು ಗೋಡೆ ಹಿಡಿಯಬೇಕಾಯಿತು.

"ಅತ್ತೀ, ಯಾಕ ಇಷ್ಟು ಸೊರಗಾಕತ್ತೀರಿ?" ಎಂದು ಭುವನಾ ಕೇಳಿದರೆ, "ವಯಸ್ಸಾತವ್ವ," ಎನ್ನುವಳು. ವಯಸ್ಸು ಎಂದರೆ ಯಾರೂ ಮುಂದೆ ಕೇಳುವುದಿಲ್ಲ.

ಆದರೆ ಉಚ್ಚಮ್ಮ ಕೇಳಿದಳು. ಆರೋಗ್ಯ ಕೇಂದ್ರದ ನರ್ಸಮ್ಮ ಅವಳು, ಮನೆಮನೆಗೆ ಬಂದು ವಯಸ್ಸಾದವರನ್ನು ನೋಡಿ ಹೋಗುವವಳು. ಆ ಮಂಗಳವಾರ ಹನ್ನೊಂದಕ್ಕೆ ಬಂದು ತೂಕದ ಯಂತ್ರ ನೆಲಕ್ಕಿಟ್ಟಳು.

"ಕೈ ಊರದ ಕುರ್ಚಿಯಿಂದ ಏಳ್ರಿ ಅವ್ವಾ, ನೋಡೋಣು."

ಮಹಾಂತಮ್ಮ ಅರ್ಧ ಎದ್ದು ಕುಸಿದು ಕೂತಳು.

"ಪರ್ವಾಲೇದು. ನನ್ನ ಎರಡು ಬೆರಳು ಗಟ್ಟಿ ಹಿಡೀರಿ. ಆ ಕೈಲೆ ಅಲ್ಲ, ಎಡಗೈಲೆ."

"ಅದು ಲಿಂಗ ಹಿಡಿಯೋ ಕೈ. ಮುಟ್ಟಬ್ಯಾಡ," ಎಂದು ಮಹಾಂತಮ್ಮ ಕೈಯನ್ನು ಸೆರಗಿನೊಳಗೆ ಬಚ್ಚಿಟ್ಟಳು.

ಉಚ್ಚಮ್ಮ ಅವಳನ್ನು ಹಿಡಿದು ಯಂತ್ರದ ಮೇಲೆ ನಿಲ್ಲಿಸಿ ತೂಕ ನೋಡಿದಳು. "ಮುಂಜಾನೆ ಏನ್ ತಿಂದ್ರಿ?"

"ಎರಡು ರೊಟ್ಟಿ."

"ಮತ್ತ ಆ ರೊಟ್ಟಿ ಎಲ್ಲಿ ಹೋದ್ವು? ಸಂಕ್ರಾಂತಿಗಿಂತ ಎಂಟು ಕಿಲೋ ಕಮ್ಮಿ ಆಗೀರಿ!" ಉಚ್ಚಮ್ಮನ ದನಿ ಬದಲಾಗಿತ್ತು. "ಭುವನಾ ಮೇಡಂಗ ಈಗ ಫೋನ್ ಮಾಡ್ತೀನಿ. ಇವತ್ತ ದವಾಖಾನಿಗೆ ಹೋಗಬೇಕು ನೀವು."

ಅವಳು ಫೋನ್ ಮಾಡಿ ಪಕ್ಕದ ಮನೆಗೆ ಹೋದಳು. ಮಹಾಂತಮ್ಮನಿಗೆ ಜೀವ ಬಾಯಿಗೆ ಬಂತು. ಸೊಸೆ ಬರುತ್ತಾಳೆ, ಪೂಜೆ ಆಯಿತೇ ಎಂದು ಕೇಳುತ್ತಾಳೆ, ಎಲ್ಲ ಹೊರಬೀಳುತ್ತದೆ. ಅವಳು ಬರುವಷ್ಟರಲ್ಲಿ ಪೂಜೆ ಮುಗಿಸಿ ಒಂದು ರೊಟ್ಟಿ ತಿಂದುಬಿಡಬೇಕು. ನೆಲಕ್ಕೆ ಕೂತರೆ ಏಳಲಾಗದೆಂದು ಮಂಚದ ಅಂಚಿಗೆ ಕೂತಳು. ಕೊರಳಿನ ಕರಡಿಗೆಯಿಂದ ಲಿಂಗ ತೆಗೆದು ಅಂಗೈಗಿಟ್ಟಳು. ಕೈ ಗಡಗಡ ನಡುಗುತ್ತಿತ್ತು. ಶಿವನೇ, ಇವತ್ತೊಂದು ದಿನ, ಇವತ್ತೊಂದು ದಿನ ಎಂದು ಬೇಡಿಕೊಂಡಳು.

ಹೊರಗೆ ಗೇಟಿನ ಸದ್ದಾಯಿತು. ಬೆರಳು ಬಿಚ್ಚಿಕೊಂಡವು.

ಟಕ್ ಎಂದು ನೆಲದ ಬಂಡೆಗೆ ಬಡಿದು ಲಿಂಗ ಮಂಚದ ಕೆಳಗೆ ಉರುಳಿತು. ಮಹಾಂತಮ್ಮ ಅದರ ಹಿಂದೆಯೇ ಕೆಳಗಿಳಿದಳು. ಮೊಣಕಾಲು ಮಡಿಚಿಹೋಗಿ ಪಕ್ಕಕ್ಕೆ ಬಿದ್ದಳು. ತೆವಳಿ, ಕೈ ಚಾಚಿ, ಲಿಂಗವನ್ನು ಮುಷ್ಟಿಯಲ್ಲಿ ಹಿಡಿದಳು. ಏಳಲು ಹೋದರೆ ಮೈ ಅವಳದಾಗಿರಲಿಲ್ಲ. ಅಜ್ಜಿ ಹೇಳಿದ ಬಾವಿ ಕಣ್ಣಮುಂದೆ ಬಂತು.

"ಅತ್ತೀ!" ಭುವನಾ ಓಡಿಬಂದಳು.

"ಮುಟ್ಟಬ್ಯಾಡ ನನ್ನ. ನೆಲಕ್ಕ ಬಿಟ್ಟೀನಿ. ಇನ್ನ ನಾ ಅನ್ನ ಮುಟ್ಟಾಂಗಿಲ್ಲ."

ಭುವನಾ ಆ ಮುಷ್ಟಿ ನೋಡಿದಳು, ಮುಚ್ಚಿಟ್ಟಂತೆಯೇ ಇದ್ದ ರೊಟ್ಟಿ ನೋಡಿದಳು. "ಎಷ್ಟು ದಿನಾತ್ರೀ ಉಣ್ಣದ?"

"ಯುಗಾದಿ ಆದಾಗಿಂದ... ಒಂದಿನ ಉಂಡ್ರ ಒಂದಿನ ಇಲ್ಲ. ಕೈಗೆ ಅಂಜಿ ಪೂಜಿಗೆ ಕುಂದ್ರಾಕ ಆಗವಲ್ದು ಭುವನಾ." ಹೇಳುತ್ತಾ ಮಹಾಂತಮ್ಮ ಮಗುವಿನಂತೆ ಅತ್ತಳು.

ಭುವನಾ ಪಕ್ಕದಲ್ಲೇ ನೆಲಕ್ಕೆ ಕೂತಳು. "ನಂದೂ ಬಿದ್ದಿತ್ರೀ. ನಾ ಚೇತನನ್ನ ಹಡೆದ ತಿಂಗಳದಾಗ, ನಿದ್ದಿಗಣ್ಣಾಗ. ಅಯ್ನೋರ ಕಡೆ ಓಡಿದೆ. 'ಎತ್ತಿಕೊಂಡಿ ಅಲ್ಲವ್ವ, ಮತ್ತ್ಯಾಕ ಅಳ್ತಿ' ಅಂದ್ರು."

ನಿಜವೋ, ಆ ಗಳಿಗೆಗೆ ಹುಟ್ಟಿಸಿದ ಸುಳ್ಳೋ, ಮಹಾಂತಮ್ಮನಿಗೆ ತಿಳಿಯಲಿಲ್ಲ. ಕೇಳುವ ಧೈರ್ಯವೂ ಇರಲಿಲ್ಲ.

ಭುವನಾ ಎರಡೂ ಕಂಕುಳಿಗೆ ಕೈ ಕೊಟ್ಟು ಬಲ ಹಾಕಿ ಎತ್ತಿದಳು. ಅಷ್ಟು ಬಲ ಬೇಕಿರಲಿಲ್ಲ. ಅತ್ತೆ ಹತ್ತಿಯ ಗಂಟಿನ ಹಾಗೆ ಮೇಲೆ ಬಂದುಬಿಟ್ಟದ್ದಕ್ಕೆ ಅವಳೇ ಹಿಂದಕ್ಕೆ ತೂರಾಡಿದಳು. ಅವಳ ಮುಖ ಬಿಳಿಚಿಕೊಂಡದ್ದನ್ನು ಮಹಾಂತಮ್ಮ ಕಂಡಳು.

"ಮೊದಲ ಪೂಜಿ ಮಾಡ್ರಿ," ಎಂದಳು ಭುವನಾ. "ಕೆಳಗ ನನ್ನ ಕೈ ಇರತೈತಿ. ಆಮ್ಯಾಲೆ ಬಿಸಿ ಹಾಲು ಕುಡೀರಿ, ಆಮ್ಯಾಲೆ ದವಾಖಾನಿ. ದಿನಾ ನಾನು ಶಾಲಿಗೆ ಹೋಗೋಕಿಂತ ಮೊದಲ ಇಬ್ಬರೂ ಕೂಡೇ ಕುಂದ್ರೋಣು."

ಲಿಂಗವನ್ನು ನೀರಿನಲ್ಲಿ ತೊಳೆದು ಮಹಾಂತಮ್ಮ ಮತ್ತೆ ಅಂಗೈಗಿಟ್ಟುಕೊಂಡಳು. ಆ ಅಂಗೈ ಕೆಳಗೆ ಸೊಸೆಯ ಅಂಗೈ ಬಂತು, ಬೆಚ್ಚಗೆ. ಕಣ್ಣು ಮುಚ್ಚಿದಳು. ನಡುಕ ಶುರುವಾಯಿತು. ಇದ್ದ ಬಲವೆಲ್ಲ ಕೂಡಿಸಿ ಬೆರಳು ಬಿಗಿದಳು, ಆದರೂ ನಡುಕ ನಿಲ್ಲಲಿಲ್ಲ. ಹೆದರಿ ಕಣ್ಣು ಬಿಟ್ಟು ನೋಡಿದರೆ, ನಡುಗುತ್ತಿದ್ದದ್ದು ಕೆಳಗಿನ ಕೈ.