ಕೊನೆಯ ಸಾಲಿನ ತನಕ ಓದಿಸುವ ಹರ್ಬರ್ಟ್ ಮಾಸ್ಟ್ರು

ಕೆಟ್ಟ ಕಂಪ್ಯೂಟರನ್ನು ಹೊತ್ತುಕೊಂಡು ಹರ್ಬರ್ಟ್ ಮಾಸ್ಟ್ರ ಮನೆಗೆ ಹೋದವರಿಗೆ ಮೊದಲು ಚಹಾ ಸಿಗುತ್ತಿತ್ತು, ಆಮೇಲೆ ಒಂದು ತಪ್ಪೊಪ್ಪಿಗೆ. ಯಂತ್ರವನ್ನು ಮುಟ್ಟುವ ಮುಂಚೆ ಅವರು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಹಾಜರಿ ಕರೆಯುವಾಗಿನ ಏರಿಳಿತವಿಲ್ಲದ ದನಿಯಲ್ಲಿ, "ನೋಡಿ, ನಾನು ಒಬ್ಬರ ಎರಡು ವರ್ಷದ ಕೆಲಸವನ್ನು ಒಂದು ಗುಂಡಿ ಒತ್ತಿ ಅಳಿಸಿದವ. ಅದು ಗೊತ್ತಿದ್ದೂ ಕೊಡುವುದಾದರೆ ಕೊಡಿ" ಎನ್ನುತ್ತಿದ್ದರು. ಚಿಕಿತ್ಸೆಗೆ ಹೋದವನಿಗೆ ವೈದ್ಯರೇ ತಮ್ಮ ಕೈಯಲ್ಲಿ ಸತ್ತ ರೋಗಿಯ ಸುದ್ದಿ ಹೇಳಿದಂತೆ ಕೆಲವರ ಎದೆ ಧಸಕ್ಕೆನ್ನುತ್ತಿತ್ತು. ಯಂತ್ರವನ್ನು ಎತ್ತಿಕೊಂಡು ಹಿಂದಿರುಗಿದವರೂ ಇದ್ದರು. ಅಂಥವರನ್ನು ಮಾಸ್ಟ್ರು ಗೇಟಿನ ತನಕ ಹೋಗಿ ಬೀಳ್ಕೊಡುತ್ತಿದ್ದರು.

ಮನೆ ವಿದ್ಯಾನಗರದಲ್ಲಿ, ಸಿವಿಲ್ ಸ್ಟೇಷನ್ನಿನ ಹಿಂದಿನ ಒಳದಾರಿಯಲ್ಲಿ. ಆಳು ಎತ್ತರ, ಖಾಲಿ ರಸ್ತೆಯಲ್ಲೂ ಎಡ ಹೆಗಲನ್ನು ತುಸು ಮುಂದೆ ಮಾಡಿ, ಬಸ್ಸಿನ ನೂಕುನುಗ್ಗಲಲ್ಲಿ ದಾರಿ ಬಿಡಿಸಿಕೊಳ್ಳುವವರ ಹಾಗೆ ಓರೆಯಾಗಿ ನಡೆಯುವರು. ಮೇ ತಿಂಗಳ ಸೆಕೆಯಲ್ಲೂ ತುಂಬುತೋಳಿನ ಅಂಗಿ, ಅದರ ಮಣಿಕಟ್ಟಿನ ಗುಂಡಿ ಸಹ ಹಾಕಿಯೇ ಇರಬೇಕು. ಮನೆಮಾತು ಕೊಂಕಣಿ, ಮಕ್ಕಳಿಗೆ ಭೌತಶಾಸ್ತ್ರ ಕಲಿಸಿದ್ದು ಕನ್ನಡದಲ್ಲಿ, ಗಡಿನಾಡಾದ್ದರಿಂದ ಸರಕಾರದ ಸುತ್ತೋಲೆಗಳಿಗೆ ಉತ್ತರ ಬರೆದದ್ದು ಮಲಯಾಳದಲ್ಲಿ, ಬೈಗುಳಕ್ಕೆ ಮಾತ್ರ ತುಳು. ಶಾಲೆಗಳಿಗೆ ಕಂಪ್ಯೂಟರ್ ನಡೆಸುವ ಲಿನಕ್ಸ್ ತಂತ್ರಾಂಶ ಬಂದ ಹೊಸತರಲ್ಲಿ, ಭೌತಶಾಸ್ತ್ರದವರಿಗೆ ವೈರಿನ ವಿಷಯ ತಿಳಿದಿರುತ್ತದೆ ಎಂಬ ಒಂದೇ ತರ್ಕದಿಂದ, ಕಾರಡ್ಕದ ಕಡೆಯ ಅವರ ಹೈಸ್ಕೂಲಿನ ಕಂಪ್ಯೂಟರ್ ಕೋಣೆ ಅವರ ಕೊರಳಿಗೆ ಬಿತ್ತು. ಹೀಗೆ ಬೇಡವೆಂದರೂ ಬಂದ ವಿದ್ಯೆಯನ್ನು ಅವರು ನಿವೃತ್ತಿಯ ನಂತರವೂ ಬಿಡಲಿಲ್ಲ.

ಅವರ ಹಟವೆಂದರೆ ಓದಿಸುವುದು. ಪರದೆಯ ಮೇಲೆ ಯಂತ್ರ ಏನು ಹೇಳಿದೆಯೋ ಅದನ್ನು ಅದರ ಒಡೆಯರೇ ಮೊದಲಿನಿಂದ ಕೊನೆಯ ತನಕ ಗಟ್ಟಿಯಾಗಿ ಓದಬೇಕು. ಗುತ್ತಿಗೆದಾರ ಲೋಕಯ್ಯ ಒಮ್ಮೆ ಬಂದು, "ಎಂತದೋ ಎರರ್ ಬರ್ತದೆ ಮಾಸ್ಟ್ರೇ" ಎಂದಾಗ, "ಎರರ್ ಅಂತ ಅಲ್ಲಿ ಒಂದೇ ಶಬ್ದ ಇರುವುದಲ್ಲ ಮಾರಾಯ, ನಾಲ್ಕು ಸಾಲು ಉಂಟು. ಓದು" ಎಂದು ಕೂರಿಸಿದರು. ಲೋಕಯ್ಯ ಬೆವರುತ್ತ ಎರಡು ಸಲ ಓದಿದ. ಎರಡನೆಯ ಸಲಕ್ಕೆ, ಆ ಕಡತ ತೆರೆಯುವ ಅನುಮತಿ ಇರುವುದು ತನ್ನ ಮಗಳ ಹೆಸರಿಗೆ, ತಾನು ಒಳಹೊಕ್ಕದ್ದು ಬೇರೆ ಹೆಸರಿನಲ್ಲಿ ಎಂದು ಅವನಿಗೇ ಹೊಳೆದು, ಮಾಸ್ಟ್ರ ಕೈ ಬೆನ್ನ ಹಿಂದಿನಿಂದ ಮುಂದೆ ಬರುವ ಮೊದಲೇ ಕೆಲಸ ಮುಗಿದಿತ್ತು.

ಈ ಹಟ ಹುಟ್ಟಿನಿಂದ ಬಂದದ್ದಲ್ಲ. ಎರಡು ಸಾವಿರದ ಆರರ ಬೇಸಗೆ ರಜೆಯಲ್ಲಿ ಅವರು ಶಾಲೆಯ ಕಂಪ್ಯೂಟರುಗಳಿಗೆಲ್ಲ ಹೊಸ ಲಿನಕ್ಸ್ ಹಾಕುತ್ತಿದ್ದರು. ಹನ್ನೊಂದನೆಯ ಯಂತ್ರಕ್ಕೆ ಬರುವಾಗ ಕಣ್ಣು ದಣಿದಿತ್ತು, ಮನಸ್ಸು ಊಟದ ಕಡೆಗಿತ್ತು. ಪರದೆಯಲ್ಲಿ ಬಂದ ಎಚ್ಚರಿಕೆಯ ಮೊದಲ ಸಾಲು ಹಿಂದಿನ ಹತ್ತು ಯಂತ್ರಗಳಲ್ಲಿ ಕಂಡದ್ದೇ ಆಗಿತ್ತು, ಒತ್ತಿಬಿಟ್ಟರು. ಡಿಸ್ಕಿನ ಇನ್ನೊಂದು ಭಾಗ, ಅಂದರೆ ಇನ್ನೊಂದು ಪಾರ್ಟಿಶನ್ ಕೂಡ ಅಳಿಸಿಹೋಗುತ್ತದೆ ಎಂಬ ಮಾತು ಅದರ ಕೊನೆಯ ಸಾಲಿನಲ್ಲಿತ್ತು. ಆ ಪಾರ್ಟಿಶನ್ನಿನಲ್ಲಿ ಗಣಿತದ ಶಂಕರಿ ಟೀಚರ್, ಮಲಯಾಳದ ಕೈಪಿಡಿಗಳನ್ನು ಮುಂದಿಟ್ಟುಕೊಂಡು, ಕನ್ನಡ ಮಾಧ್ಯಮದ ಮಕ್ಕಳಿಗಾಗಿ ಎರಡು ವರ್ಷ ಕೂತು ಟೈಪು ಮಾಡಿದ ಅಭ್ಯಾಸ ಹಾಳೆಗಳಿದ್ದವು. ಸುದ್ದಿ ಕೇಳಿ ಟೀಚರ್ ಹೇಳಿದ್ದು ಇಷ್ಟೇ: "ಸಾರ ಇಲ್ಲ ಮಾಸ್ಟ್ರೇ, ಪರವಾಗಿಲ್ಲ." ಮರುವರ್ಷ ತಮ್ಮದೇ ಒಂದು ಲ್ಯಾಪ್‌ಟಾಪು ಕೊಂಡರು, ಮಾಸ್ಟ್ರು ಹತ್ತಿರ ಬಂದರೆ ಅದರ ಮುಚ್ಚಳ ಹಾಕುತ್ತಿದ್ದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು ಎಂದು ಮಾಸ್ಟ್ರಿಗೆ ಅನಿಸುತ್ತಿತ್ತು. ಒಂದೇ ಸ್ಟಾಫ್ ರೂಮಿನಲ್ಲಿ ಮತ್ತೆ ಏಳು ವರ್ಷ, ಮಾಸ್ಟ್ರ ನಿವೃತ್ತಿಯ ತನಕ, ಇಬ್ಬರೂ ಮಳೆ, ಬಸ್ಸು, ಪರೀಕ್ಷೆಗಳ ಬಗ್ಗೆ ನಗುನಗುತ್ತಲೇ ಮಾತಾಡಿದರು.

ಎರಡು ಸಾವಿರದ ಹದಿನಾರರ ಮೇ ತಿಂಗಳಲ್ಲಿ ಒಂದು ಬೆಳಗ್ಗೆ ಶಂಕರಿ ಟೀಚರ್ ವಿದ್ಯಾನಗರದ ಆ ಮನೆಗೆ ಬಂದರು. ಕೈಚೀಲದಲ್ಲಿ ಬಟ್ಟೆ ಸುತ್ತಿದ ಒಂದು ಹಾರ್ಡ್ ಡಿಸ್ಕ್. ಹಿಂದಿನ ವಾರದ ಸಿಡಿಲಿಗೆ, ಮುಚ್ಚಳ ಹಾಕಿ ಪ್ಲಗ್ಗಿನಲ್ಲೇ ಬಿಟ್ಟಿದ್ದ ಲ್ಯಾಪ್‌ಟಾಪು ಸುಟ್ಟುಹೋಗಿತ್ತು. ಡಿಸ್ಕ್ ಉಳಿದಿತ್ತು, ಆದರೆ ತೆರೆಯುತ್ತಿರಲಿಲ್ಲ. ನಾಯ್ಮಾರ್ಮೂಲೆಯ ಕಂಪ್ಯೂಟರ್ ಅಂಗಡಿಯವರು, ಎಲ್ಲ ಅಳಿಸಿ ಫಾರ್ಮ್ಯಾಟ್ ಮಾಡಿದರೆ ಡಿಸ್ಕಾದರೂ ಉಪಯೋಗಕ್ಕೆ ಬರುತ್ತದೆ ಎಂದು ಸಮಾಧಾನ ಹೇಳಿ ಕಳಿಸಿದ್ದರು. ಒಳಗಿದ್ದದ್ದು ಮತ್ತೆ ಮೊದಲಿನಿಂದ ಮಾಡಿದ ಹತ್ತು ವರ್ಷದ ಹಾಳೆಗಳು. ಮುಂದಿನ ಮಾರ್ಚಿಗೆ ಟೀಚರಿಗೆ ನಿವೃತ್ತಿ, ಅಷ್ಟರಲ್ಲಿ ಅವನ್ನು ತಮ್ಮ ಜಾಗಕ್ಕೆ ಬರುವವರಿಗೆ ಕೊಡಬೇಕು. ಬೇರೆ ಪ್ರತಿ ಇರಲಿಲ್ಲ.

ಮಾಸ್ಟ್ರ ಹೆಂಡತಿ ಅಪೊಲೋನಿಯಾ ಚಹಾ ತಂದಿಟ್ಟರು. ಮಾಸ್ಟ್ರು ಕೈ ಹಿಂದೆ ಕಟ್ಟಿ, "ನೋಡಿ ಟೀಚರ್, ನಾನು ಒಬ್ಬರ ಎರಡು ವರ್ಷದ..." ಎಂದು ತೊಡಗಿದವರು ಅಲ್ಲೇ ತಡವರಿಸಿದರು. ಊರಿಗೆಲ್ಲ ಹೇಳಿಕೊಂಡು ಬಂದ ತಪ್ಪನ್ನು, ಹೇಳಲೇಬೇಕಾಗಿದ್ದ ಒಬ್ಬರ ಎದುರು ಅವರು ಈ ತನಕ ಬಾಯಿಬಿಟ್ಟು ಹೇಳಿಯೇ ಇರಲಿಲ್ಲ.

"ಆ ಒಬ್ಬರು ನಾನೇ ಅಲ್ವಾ ಮಾಸ್ಟ್ರೇ," ಎಂದರು ಶಂಕರಿ ಟೀಚರ್. "ಆ ದಿವಸ ನನಗೆ ತುಂಬ ಬೇಜಾರಾಗಿತ್ತು. ಮನೆಗೆ ಹೋಗಿ ಅತ್ತಿದ್ದೇನೆ."

"ನನ್ನದು ತಪ್ಪಾಯ್ತು ಟೀಚರ್."

"ಗೊತ್ತುಂಟು. ಈಗ ಇದನ್ನು ನೋಡಿ."

ಮಾಸ್ಟ್ರು ಡಿಸ್ಕನ್ನು ತಮ್ಮ ಲಿನಕ್ಸ್ ಯಂತ್ರಕ್ಕೆ ಜೋಡಿಸಿದರು. ಚಿಕ್ಕ ಪಾರ್ಟಿಶನ್ ತೆರೆಯಿತು, ಹಾಳೆಗಳಿದ್ದ ದೊಡ್ಡದು ತೆರೆಯಲಿಲ್ಲ. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಐದಾರು ಸಾಲು ಬಂತು. ಟೀಚರ್ ಕನ್ನಡಕ ಸರಿಮಾಡಿಕೊಂಡು ಓದಿದರು. ತೆರೆಯಲಾಗಲಿಲ್ಲ ಎಂದಿತ್ತು ಮೊದಲ ಸಾಲು. ಅಂಗಡಿಯವರು ಅಲ್ಲಿಗೇ ಓದು ನಿಲ್ಲಿಸಿದ್ದಿರಬೇಕು. ಲ್ಯಾಪ್‌ಟಾಪು ಪೂರ್ತಿ ಆರದೆ, ಕೆಲಸವನ್ನು ಅರ್ಧಕ್ಕೆ ಬರೆದಿಟ್ಟು ನಿದ್ದೆಹೋಗಿದೆ, ಈಗ ಬೇರೊಬ್ಬರು ಅದರ ಮೇಲೆ ಬರೆದರೆ ಎಲ್ಲ ಕಲಸಿಹೋದೀತು ಎಂಬುದು ಮುಂದಿನ ಸಾಲುಗಳ ತಾತ್ಪರ್ಯ. ಅದನ್ನು ಎಬ್ಬಿಸಿ ಸರಿಯಾಗಿ ಆರಿಸಿ, ಇಲ್ಲವಾದರೆ ಏನನ್ನೂ ಬರೆಯದೆ ಬರೇ ಓದುವುದಕ್ಕಾಗಿ ತೆರೆಯಿರಿ ಎಂದು ಕೊನೆಯ ಸಾಲು ಹೇಳಿತು.

"ಎಬ್ಬಿಸುವ ಹಾಗಿಲ್ಲ, ಲ್ಯಾಪ್‌ಟಾಪು ಸುಟ್ಟು ಹೋಯ್ತಲ್ಲ. ಇನ್ನೊಂದು ದಾರಿ ಉಂಟು," ಎಂದರು ಮಾಸ್ಟ್ರು. ಬಲವಂತವಾಗಿ ತೆರೆಯುವ ಉಪಾಯವೂ ಇತ್ತು, ಅದರ ಸುದ್ದಿಗೇ ಹೋಗಲಿಲ್ಲ. ಹಳೆಯ ಪ್ರಶ್ನೆಪತ್ರಿಕೆಯ ಹಿಂಬದಿಯಲ್ಲಿ, ಬರೇ ಓದುವುದಕ್ಕಾಗಿ ತೆರೆಯುವ ಆಜ್ಞೆಯನ್ನು ಪೆನ್ಸಿಲಿನಿಂದ ಬರೆದು, ಪಾರ್ಟಿಶನ್ನಿನ ಹೆಸರನ್ನು ಮೂರು ಸಲ ತಾಳೆ ನೋಡಿ, ಟೀಚರಿಂದಲೂ ನೋಡಿಸಿ, ಆಮೇಲೆ ಟೈಪು ಮಾಡಿದರು. ಮಾಡಿ ಕೀಲಿಮಣೆಯನ್ನು ಅವರ ಕಡೆಗೆ ದೂಡಿದರು. ಟೀಚರ್ ಅದನ್ನು ಹಿಂದಕ್ಕೆ ದೂಡಿ, "ನೀವೇ ಒತ್ತಿ ಮಾಸ್ಟ್ರೇ" ಎಂದರು.

ಒತ್ತಿದರು. ಎಂಟನೆಯ ತರಗತಿ, ಒಂಬತ್ತು, ಹತ್ತು ಎಂದು ಕಡತಗಳ ಸಾಲು ಒಂದೊಂದಾಗಿ ಕಾಣಿಸಿತು. ಮಾಸ್ಟ್ರಿಗೆ ಹೋದ ಜೀವ ಬಂದ ಹಾಗಾಗಿ, ಕನ್ನಡಕ ಒರೆಸುವ ನೆಪದಲ್ಲಿ ಮುಖ ತಿರುಗಿಸಿದರು. ಎಲ್ಲವೂ ಹೊಸ ಡಿಸ್ಕಿಗೆ ಇಳಿಯಲು ಮಧ್ಯಾಹ್ನವಾಯಿತು. ಹೊರಡುವಾಗ ಶಂಕರಿ ಟೀಚರ್ ಬಾಗಿಲಲ್ಲಿ ನಿಂತು, "ಒಂದು ಪ್ರತಿ ನಿಮ್ಮಲ್ಲೇ ಇರಲಿ ಮಾಸ್ಟ್ರೇ. ನನ್ನ ಮನೆಗಿಂತ ಇಲ್ಲಿ ಭದ್ರ" ಎಂದರು.

ಪ್ರತಿ ಶಾಲೆಯಲ್ಲಿ, ಪ್ರತಿ ಕಚೇರಿಯಲ್ಲಿ ಇಂಥವರು ಒಬ್ಬರಾದರೂ ಸಿಗುತ್ತಾರೆ. ಕಾಗದವನ್ನು ಮೂರು ಸಲ ಓದುತ್ತಾರೆ, ಸಹಿ ಹಾಕುವ ಮುಂಚೆ ಪೆನ್ನು ಎತ್ತಿ ಯೋಚಿಸುತ್ತಾರೆ, ಸಾಲಿನಲ್ಲಿ ನಿಂತ ನಾವು ಹಿಂದಿನಿಂದ ಗೊಣಗುತ್ತೇವೆ. ಜಾಣರಾಗಿಯೇ ಹುಟ್ಟಿದವರಿಗೆ ಈ ನಿಧಾನ ಬರುವುದಿಲ್ಲ. ಅದಕ್ಕೆ ಬೆಲೆ ತೆತ್ತವರು ತಾವಲ್ಲ, ತಮ್ಮನ್ನು ನಂಬಿ ಕೊಟ್ಟ ಯಾರೋ ಒಬ್ಬರು ಎಂಬುದನ್ನು ಮರೆಯಲಾಗದವರಿಗೆ ಮಾತ್ರ ಬರುತ್ತದೆ.