ಬೇವಿನ ಗಿಡದ ತನಕ

ನನ್ನ ಗಂಡನ ಅಕ್ಕ ಹುಲಿಗವ್ವ ತಾಯಿಯ ಹೊಟ್ಟೆಯಿಂದ ಕಾಲು ಮುಂದಾಗಿ ಹುಟ್ಟಿದವಳು. ಆಮೇಲೂ ಎಲ್ಲದರಲ್ಲೂ ಅವಳದೇ ಕಾಲು ಮುಂದು. ಅಂಥವರ ಕಾಲು ಸೋಕಿದರೆ ಚಳಕು ಬಿಡುತ್ತದೆಂದು ನಮ್ಮ ಕಡೆ ನಂಬಿಕೆ. ಭಾರ ಎತ್ತುವಾಗ ಎದೆಗೋ ಬೆನ್ನಿಗೋ ಚಿಟ್ಟನೆ ಹಿಡಿದು ಉಸಿರು ಎಳೆಯಲೂ ಬಿಡದ ನೋವಿದೆಯಲ್ಲ, ಅದೇ ಚಳಕು. ನೋವಿನವರು ಅವಳ ಹೊಸ್ತಿಲ ಮುಂದೆ ಬೋರಲು ಮಲಗಬೇಕು. ಅವಳು ಎಡಗಾಲ ಹಿಮ್ಮಡಿಯಿಂದ ಮೂರು ಸಲ ನೀವುತ್ತಾಳೆ. ಅವರು ಎದ್ದು, ಹಿಂದೆ ನೋಡದೆ, ಓಣಿಯ ಕೊನೆಯ ಬೇವಿನ ಗಿಡ ಮುಟ್ಟಿ ಬಿರಬಿರನೆ ನಡೆದು ಬರಬೇಕು. ಬಂದವರಿಗೆ ಒಲ್ಲೆ ಅಂದರೆ ಕಾಲಿನ ಗುಣ ಹೋಗುತ್ತದಂತೆ. ಅವಳು ಯಾರಿಗೂ ಒಲ್ಲೆ ಅಂದವಳಲ್ಲ. ಯಲಬುರ್ಗಾ ಹತ್ತಿರದ ನಮ್ಮ ಮಂಗಳೂರಿನವರಷ್ಟೇ ಅಲ್ಲ, ಕುಷ್ಟಗಿ ಕಡೆಯಿಂದಲೂ ಜನ ಬರುತ್ತಿದ್ದರು.

ಅವಳ ಮನೆ ನಮ್ಮೆದುರಿಗೇ. ದಿನಕ್ಕೊಂದು ಜಗಳ ಇಲ್ಲದಿದ್ದರೆ ನಮ್ಮಿಬ್ಬರಿಗೂ ಉಂಡದ್ದು ಅರಗುತ್ತಿರಲಿಲ್ಲ. ಮೂರು ವರ್ಷದ ಹಿಂದೆ ಗಂಡ ದ್ಯಾವಪ್ಪ ತೀರಿಕೊಂಡ ಮೇಲೆ ಅವಳ ನಾಲಿಗೆ ಇನ್ನಷ್ಟು ಹರಿತವಾಗಿತ್ತು. ನನ್ನದೇನೂ ಮೊಂಡಲ್ಲ ಬಿಡಿ.

ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳು, ಜೋಳದ ರಾಶಿಯ ದಿನ. ಗಂಡನ ಹೆಸರು ಹೇಳಬಾರದು, ಆದರೆ ಹೇಳದೆ ಕಥೆ ಸಾಗದು: ಓಬಳೆಪ್ಪ. ಬೆಳಿಗ್ಗೆ ಕಣದಲ್ಲಿ ಚೀಲ ಎತ್ತಿದವರು ಅದನ್ನು ಅಲ್ಲೇ ಬಿಟ್ಟು ಕೂತರು. "ಎದಿ ಹಿಡಕೊಂಡೈತಿ ಪಕ್ಕೀರವ್ವ, ಚಳಕು ಆಗಿರಬೇಕು" ಎಂದರು. ಚೀಲ ಎತ್ತಿದವರಿಗೆ ಚಳಕಲ್ಲದೆ ಮತ್ತೇನು? ಹೆಗಲು ಕೊಟ್ಟು ನಡೆಸಿಕೊಂಡೇ ಹುಲಿಗವ್ವನ ಹೊಸ್ತಿಲಿಗೆ ತಂದು ಮಲಗಿಸಿದೆ.

ಅವಳು ಕಾಲು ಎತ್ತಿದಳು. ತಮ್ಮನ ಮುಖ ನೋಡಿ ಕೆಳಗಿಳಿಸಿದಳು. ಪಕ್ಕದಲ್ಲಿ ಕೂತು ಅವರನ್ನು ಎಬ್ಬಿಸಿ ಗೋಡೆಗೆ ಒರಗಿಸಿ, ಎದೆಯ ಎಲುಬುಗಳ ಮೇಲೆ ಹೆಬ್ಬೆರಳಿನಿಂದ ಒತ್ತಿದಳು.

"ಒತ್ತಿದರ ನೋವು ಹೆಚ್ಚಾಕ್ಕೈತೇನೋ?"

"ಇಲ್ಲ."

"ಜೋರಾಗಿ ಉಸಿರು ಎಳಿ. ಈಗ?"

"ಅಷ್ಟ ಐತಿ."

"ಎಲ್ಲಿ ನೋಯ್ತೈತಿ, ಬೆರಳಿಟ್ಟು ತೋರಸು."

ಅವರು ಬೆರಳು ಇಡಲಿಲ್ಲ. ಮುಷ್ಟಿ ಕಟ್ಟಿ ಎದೆಯ ನಡುವೆ ಇಟ್ಟುಕೊಂಡರು. "ಇಲ್ಲೆಲ್ಲಾ. ಬೀಸುಕಲ್ಲು ಹೇರಿದಂಗ ಆಗೈತಿ. ಎಡಗೈ ಜೋಮು ಹಿಡದೈತಿ, ದವಡಿನೂ ನೋಯ್ತೈತಿ."

ಹಣೆ ಮುಟ್ಟಿದೆ. ಬಿಸಿಲಲ್ಲಿ ದುಡಿದವರ ಬೆವರು ತಣ್ಣಗಿತ್ತು.

"ಇದು ಚಳಕಲ್ಲ. ನಾ ಕಾಲು ಇಡಾಂಗಿಲ್ಲ" ಎಂದಳು ಹುಲಿಗವ್ವ. "ಚಕ್ಕಡಿ ಕಟ್ಟಸು, ಯಲಬುರ್ಗಾದ ದವಾಖಾನಿಗೆ ಹೋಗೂಣು."

ನನಗೆ ಮೈಯೆಲ್ಲ ಉರಿಯಿತು. "ಕಂಡಕಂಡವರಿಗೆ ಕಾಲು ಇಟ್ಟಿ, ಒಡಹುಟ್ಟಿದ ತಮ್ಮಗ ಒಲ್ಲೆ ಅಂತೀಯೇನ ಯಕ್ಕಾ? ನನ್ನ ಮ್ಯಾಲಿನ ಸಿಟ್ಟು ಇವರ ಮ್ಯಾಲ ತೀರಸಬ್ಯಾಡ!"

ನೆರೆಮನೆಯ ಮುದಕಮ್ಮ ಓಡಿ ಬಂದು, "ಒಲ್ಲೆ ಅನಬ್ಯಾಡ ಹುಲಿಗವ್ವ, ಕಾಲಿನ ಗುಣ ಹೊಕ್ಕೈತಿ" ಎಂದು ಹೆದರಿಸಿದಳು.

"ಹೋದರ ಹೋಗಲಿ. ತಮ್ಮ ಹೋದ ಮ್ಯಾಲ ಗುಣ ಇಟ್ಕೊಂಡು ಏನು ಮಾಡ್ಲಿ?"

ನಮ್ಮವರು ಗೋಡೆ ಹಿಡಿದು ಏಳಲು ನೋಡಿದರು. "ಜಗಳಾ ಬಿಡ್ರಿ. ಗಿಡದ ತನಕ ನಡದು ಬರ್ತೀನಿ, ಸಡಲ ಆಕ್ಕೈತಿ."

ಹುಲಿಗವ್ವ ಎರಡೂ ಕೈಯಿಂದ ಅವರನ್ನು ಅದುಮಿ ಕೂರಿಸಿದಳು. "ಒಂದು ಹೆಜ್ಜಿ ಇಡಬ್ಯಾಡ! ನನ್ನ ಗಂಡಗೂ ಹಿಂಗ ಆಗಿತ್ತು. ಒತ್ತಿದರ ಹೆಚ್ಚಾಗಲಿಲ್ಲ. ಇದು ಬ್ಯಾರೆ ಐತಿ ಅಂತ ನನ್ನ ಕಾಲಿಗೆ ತಿಳೀತು. ಆದರೂ ಮೂರು ಸಲ ನೀವಿ, ನಡಿ ಅಂದೆ. ನಡದ. ಗಿಡ ಮುಟ್ಟಿದ. ತಿರುಗಿ ಬರಲಿಲ್ಲ."

ದ್ಯಾವಪ್ಪನಿಗೆ ಗಿಡದ ಬುಡದಲ್ಲಿ ದೆವ್ವದ ಗಾಳಿ ಬಡಿಯಿತೆಂದು ಊರೆಲ್ಲ ನಂಬಿತ್ತು. ನಾನೂ ನಂಬಿದ್ದೆ. ಮೂರು ವರ್ಷ ಇವಳು ಇದನ್ನು ಒಬ್ಬಳೇ ನುಂಗಿಕೊಂಡಿದ್ದಳು. ನಾನು ಚಕ್ಕಡಿ ಕಟ್ಟಿಸಲು ಓಡಿದೆ.

ಜೋಳದ ಒಣ ದಂಟಿನ ಕಣಿಕೆ ಹಾಸಿ, ಮೇಲೆ ಎರಡು ಕೌದಿ ಹಾಕಿದೆವು. ನಾಲ್ವರು ಹೊರಸಿನ ಮೇಲೆ ಎತ್ತಿ ತಂದು ಅವರನ್ನು ಚಕ್ಕಡಿಯಲ್ಲಿ ಕೂರಿಸಿದರು. ಹುಲಿಗವ್ವ ಹಿಂದೆ ಕೂತು ತಮ್ಮನ ಬೆನ್ನನ್ನು ತನ್ನ ಎದೆಗೆ ಆನಿಸಿಕೊಂಡಳು. ಎತ್ತು ಓಡಿಸಿದರೆ ಕುಲುಕಾಟ, ಓಡಿಸದಿದ್ದರೆ ತಡ. ದಾರಿಯುದ್ದಕ್ಕೂ ಹುಲಿಗೆಮ್ಮ ದೇವಿಗೆ ಉಡಿ ತುಂಬುತ್ತೇನೆಂದು ಹರಕೆ ಹೊತ್ತೆ. ಜೀವ ಕೈಯಲ್ಲಿ ಹಿಡಿದು ಮೂರು ತಾಸು ಕಳೆದೆ.

ಡಾಕ್ಟರ್ ಸಾಹೇಬರು ನಳಿಗೆ ಇಟ್ಟು ಎದೆ ಕೇಳಿದರು. ಆಮೇಲೆ ಹೆಬ್ಬೆರಳಿನಿಂದ ಒತ್ತಿ, "ನೋವು ಹೆಚ್ಚಾಗ್ತದೇನು? ಉಸಿರು ಎಳೆದರ?" ಎಂದರು. ಹುಲಿಗವ್ವ ನನ್ನ ಮುಖ ನೋಡಿದಳು. ಅವೇ ಮಾತು, ಅದೇ ಹೆಬ್ಬೆರಳು!

"ಹೃದಯಕ್ಕ ರಕ್ತ ಹೋಗೋ ನಾಳ ಕಟ್ಟಿಕೊಂಡಂಗ ಕಾಣ್ತದ" ಎಂದು ಸೂಜಿ ಚುಚ್ಚಿದರು. "ಆಸೆ ಅದ. ಆದರ ಆರು ವಾರ ಮಲಗಿರಬೇಕು, ತುಂಬಿದ ಚೊಂಬೂ ಎತ್ತಬಾರದು. ನಡಿಸಿಲ್ಲ ತಾನೇ?"

"ಇಲ್ರಿ" ಎಂದೆ. ಕಣದಿಂದ ನಡೆಸಿ ತಂದವಳು ನಾನೇ. ಆ ಸುಳ್ಳು ಇವತ್ತಿಗೂ ನನ್ನ ಗಂಟಲಲ್ಲಿದೆ.

ಹುಲಿಗವ್ವ ಕೇಳಿದಳು: "ಮೂರು ವರ್ಷದ ಹಿಂದ ನಮ್ಮ ಮನಿಯವರನ್ನ ಹಿಂಗ ತಂದಿದ್ದರ ಉಳೀತಿದ್ರೇನ್ರಿ ಸಾಹೇಬ್ರ?"

ಸಾಹೇಬರು ಅವಳಿಂದ ಅವತ್ತಿನದನ್ನೆಲ್ಲ ಪೂರಾ ಕೇಳಿ, "ಹೇಳಾಕ ಬರೂದಿಲ್ಲವ್ವ. ಇಲ್ಲಿಗೆ ಬಂದವರೂ ಎಲ್ಲಾರೂ ಉಳಿಯೂದಿಲ್ಲ. ಆದರ ಅವತ್ತು ಕಂಡದ್ದನ್ನ ನೀ ಮರೀಲಿಲ್ಲ. ಅದು ನಿನ್ನ ತಮ್ಮಗ ಕೆಲಸಕ್ಕ ಬಂತು" ಎಂದರು. ಗಂಡ ಸತ್ತ ದಿನ ಅಳದವಳು ಅಂದು ದವಾಖಾನೆಯ ಕಟ್ಟೆಯ ಮೇಲೆ ಕೂತು ಅತ್ತಳು. ನನ್ನ ಸೆರಗಿನಿಂದಲೇ ಅವಳ ಕಣ್ಣೊರೆಸಿದೆ.

ಕೆಲವು ದಿನ ದವಾಖಾನೆಯಲ್ಲಿ, ಆಮೇಲೆ ಮನೆಯ ಹಾಸಿಗೆಯಲ್ಲಿ, ಆರು ವಾರ ಕಳೆಯಿತು. ಒಲ್ಲೆ ಅಂದವಳ ಕಾಲಿಗೆ ಗುಣ ಉಳಿದಿಲ್ಲವೆಂದು ಆ ಹೊಸ್ತಿಲಿಗೆ ಯಾರೂ ಬರಲಿಲ್ಲ. ಏಳನೆಯ ವಾರ ನಮ್ಮವರು ಹಾಸಿಗೆಯಲ್ಲಿ ಹೊರಳಿ ಎದ್ದರೋ ಇಲ್ಲವೋ, ಬೆನ್ನು ಹಿಡಿದುಕೊಂಡು ಬಗ್ಗಿದಂತೆಯೇ ಅಕ್ಕನ ಮನೆಗೆ ಹೋದರು. ಹುಲಿಗವ್ವನ ಮುಖ ಬಿಳಿಚಿತು. ಹೆಬ್ಬೆರಳಿನಿಂದ ಬೆನ್ನು ಒತ್ತಿದಳು.

"ಅಯ್ಯಯ್ಯೋ ಯವ್ವಾ!"

ಇನ್ನೊಮ್ಮೆ ಒತ್ತಿದಳು. ಇನ್ನೂ ಜೋರಾಗಿ ಕೂಗಿದರು.

"ನೋಡ ಪಕ್ಕೀರವ್ವ, ಎಷ್ಟು ಛಲೋ ಒದರ್ತಾನ!" ಅವಳ ಕಣ್ಣಲ್ಲಿ ನೀರು, ಬಾಯಲ್ಲಿ ನಗು. "ಬೋರಲ ಬೀಳೋ ಮಾರಾಯ, ಇದು ಚಳಕ!"

ಮೂರು ಸಲ ನೀವಿದಳು, ಹೂವಿನಷ್ಟು ಹಗುರವಾಗಿ. ಗಿಡದ ತನಕ ಹೋಗಲೋ ಬೇಡವೋ ಎಂದು ಅವರು ಕೇಳಿದಾಗ ಓಣಿಯ ಕೊನೆಯತ್ತ ನೋಡಿ, ತಾನೇ ಅವರ ತೋಳು ಹಿಡಿದಳು. "ಸಾವಕಾಶ ನಡಿ. ನಾನೂ ಬರ್ತೀನಿ."

ದ್ಯಾವಪ್ಪ ಬಿದ್ದಂದಿನಿಂದ ಅವಳು ಆ ಗಿಡದ ಹತ್ತಿರ ಹೋದವಳಲ್ಲ. ನಾನು ಹೊಸ್ತಿಲಲ್ಲಿ ನಿಂತು ನೋಡಿದೆ. ಅಕ್ಕ ತಮ್ಮ ಇಬ್ಬರೂ ಬೇವಿನ ಗಿಡ ಮುಟ್ಟಿದರು, ತಿರುಗಿ ಬಂದರು.