ಪಟದ ಕೆಳಗಿನ ಹೆಸರು

ಮಕ್ತಲ್ ಬಸ್ ನಿಲ್ದಾಣದ ಎದುರಿನ ಸ್ಟುಡಿಯೋದಲ್ಲಿ ಕಿಷ್ಟಮ್ಮ ಬಿಗಿಯಾಗಿ ಕುಳಿತಿದ್ದಳು. ಕುರಿ ಕಾಯುವ ಮನೆತನದವಳು. ತೆಲಂಗಾಣ ಹೋರಾಟದಲ್ಲಿ ರೈಲು ಹಳಿಯ ಮೇಲೆ ಕೂತವಳು.

"ಸ್ವಲ್ಪ ಈ ಕಡೆ ನೋಡ್ರೀ, ಅವ್ವಾ," ಎಂದ ಕ್ಯಾಮೆರಾ ಹಿಡಿದ ಕೊಟ್ರೇಶ.

ಅವಳು ನೋಡಿದಳು. ಅವಳ ಮಗ ಭೀಮಶಂಕರ್ ಕೊಟ್ರೇಶನ ಸಂಗಾತಿಯಾಗಿ ಒಂದೇ ಮನೆಯಲ್ಲಿ ಬಾಳತೊಡಗಿ ನಾಲ್ಕು ವರ್ಷವಾಗಿತ್ತು. ಅಂದಿನಿಂದ ಅವಳು ಇಬ್ಬರನ್ನೂ ಮಾತಾಡಿಸಿರಲಿಲ್ಲ. ಈಗಲೂ ಹೋರಾಟ ಸಮಿತಿಯ ಲಿಂಗಣ್ಣ ಪಟ ತೆಗೆಸಿಕೊಳ್ಳಲು ಕಳಿಸಿದ್ದಕ್ಕಷ್ಟೇ ಬಂದಿದ್ದಳು. ಕೊಟ್ರೇಶ ಅವಸರ ಮಾಡಲಿಲ್ಲ. ಬಿಗಿದ ದವಡೆ ತಾನಾಗಿ ಸಡಿಲುವವರೆಗೆ ಕಾದು ಗುಂಡಿ ಒತ್ತಿದ. ಗದ್ವಾಲದಿಂದ ಬಂದ ಈ ಹನ್ನೆರಡು ವರ್ಷದಲ್ಲಿ ಅವನು ಹೆಸರು ಗಳಿಸಿದ್ದೇ ಆ ತಾಳ್ಮೆಯಿಂದ.

2014ರ ಜೂನ್ ಎರಡರಂದು ತೆಲಂಗಾಣ ಹೊಸ ರಾಜ್ಯವಾಯಿತು. ನಾರಾಯಣಪೇಟೆಯ ಶಾಲೆಯೊಂದರಲ್ಲಿ ಹೋರಾಟಗಾರರ ನಲವತ್ತು ಪಟಗಳು ಗೋಡೆ ಏರಿದವು. ಪ್ರತಿಯೊಂದರ ಕೆಳಗೂ ಕೊಟ್ರೇಶನ ಹೆಸರಿನ ಚೀಟಿ. ಲಿಂಗಣ್ಣ ಅವನನ್ನು ಪಕ್ಕಕ್ಕೆ ಕರೆದ.

"ಪಟಾ ಭಾಳ ಚಲೋ ಅದಾವ. ಹೆಸರು ಮಾತ್ರ ಬ್ಯಾಡಪ. ನಿಮ್ಮಿಬ್ಬರ ಸುದ್ದಿ ಎತ್ತಿ ಮಂದಿ ನಗ್ತಾರ. ನಾ ಎಲ್ಲಾರನ್ನೂ ಕೂಡಿಸಿಕೊಂಡು ಹೋಗಬೇಕೈತಿ."

"ಕೆಲಸ ನಂದಲ್ಲೇನ್ರಿ?"

"ಅಲ್ಲ ಅನ್ನಂಗಿಲ್ಲ. ಇವತ್ತೊಂದಿನ ಬಿಡು."

ಪಟಗಳನ್ನೇ ಇಳಿಸಿಬಿಡಲೇ ಅನ್ನಿಸಿತು ಕೊಟ್ರೇಶನಿಗೆ. ಆದರೆ ತಮ್ಮ ಮುಖ ನೋಡಲು ಹಳ್ಳಿಗಳಿಂದ ಬರುವವರು ನೆನಪಾದರು. ಒಂದೊಂದೇ ಚೀಟಿ ಕೀಳತೊಡಗಿದ. ಮೂರು ಚೀಟಿ ನೆಲಕ್ಕೆ ಬಿದ್ದವು.

ಅಷ್ಟರಲ್ಲಿ ಕಿಷ್ಟಮ್ಮ ಬಂದಳು. ಅವಳಿಗೆ ಓದು ಬಾರದು.

"ಏನದು ಹರಿಯಾಕ ಹತ್ತಾನ, ಲಿಂಗಣ್ಣಾ?"

"ಅವನ ಹೆಸರು ಬೇ. ಮಂದಿ ಏನಾರ ಅಂತಾರಂತ..."

ಕಿಷ್ಟಮ್ಮ ತನ್ನ ಪಟದ ಮುಂದೆ ನಿಂತು, ದವಡೆ ಸಡಿಲಿದ ತನ್ನ ಮುಖವನ್ನು ನೋಡಿದಳು. ಆಮೇಲೆ ಪಟವನ್ನು ಮೊಳೆಯಿಂದ ಬಿಡಿಸಿ ಕಂಕುಳಲ್ಲಿ ಇಟ್ಟುಕೊಂಡಳು.

"ಇದನ್ನ ತೆಗದಾಂವ ನನ್ನ ಮಗನ ಮನ್ಯಾಂವ. ಅವನ ಹೆಸರು ಬ್ಯಾಡಂದ್ರ ನನ್ನ ಮಾರೀನೂ ಬ್ಯಾಡ."

ಆ ಮಾತು ಅವಳ ಬಾಯಿಂದ ಬಂದೀತೆಂದು ಕೊಟ್ರೇಶ ಎಣಿಸಿರಲಿಲ್ಲ. ಅವನು ಗೋಡೆಗೆ ಮುಖ ತಿರುಗಿಸಿದ.

ಲಿಂಗಣ್ಣ ಖಾಲಿ ಮೊಳೆಯನ್ನು ನೋಡಿದ, ಅವಳನ್ನು ನೋಡಿದ. "ಕೊಡು ಬೇ ಇಲ್ಲಿ," ಎಂದು ಪಟ ಇಸಿದುಕೊಂಡು ತೂಗುಹಾಕಿದ. ಬಗ್ಗಿ, ನೆಲದ ಮೇಲಿನ ಚೀಟಿಗಳನ್ನು ಆರಿಸಿ, ಅಂಟು ಕೇಳಿದ.

ಕಿಷ್ಟಮ್ಮ ಕೊಟ್ರೇಶನ ಬಳಿ ಬಂದು, ಮಗನನ್ನು ಕರೆಯುವ ಹಾಗೆಯೇ ಕರೆದು ಕೇಳಿದಳು.

"ನಿಮ್ಮ ಮನಿ ಯಾವ ಓಣ್ಯಾಗ ಐತಿ, ನಾಯ್ನಾ?"